ಶುಶ್ರೂಷಾ ವಿದ್ಯೆಯಲ್ಲಿ ಪಂಕ್ತಿಭೇದ

ಪದವಿಚಾರ

‘ಶುಶ್ರೂಷೆ’ ಎಂಬ ಶಬ್ದವನ್ನು ನಾವು ರೋಗಿಯ ಸೇವೆ ಎಂಬ ಅರ್ಥದಲ್ಲಿ ನಿತ್ಯವೂ ಬಳಸುತ್ತೇವೆ. ವ್ಯಾಕರಣದ ದೃಷ್ಟಿಯಿಂದ ಇದರ ಮೂಲವನ್ನು ವಿಚಾರಿಸಿದರೆ ಬೇರೊಂದು ಅರ್ಥ ತೋರುತ್ತದೆ. ‘ಶ್ರು’ ಎಂಬುದು ‘ಕೇಳು’ ಎಂಬ ಅರ್ಥವುಳ್ಳ ಧಾತು. ಇಚ್ಛಾರ್ಥದಲ್ಲಿ ಅದರ ಮೇಲೆ ‘ಸನ್’ ಪ್ರತ್ಯಯ ಬಂದು, ಧಾತುವಿಗೆ ದ್ವಿತ್ವವಾಗಿ, ‘ಶುಶ್ರೂಷಾ’ ಎಂಬ ರೂಪ ಸಿದ್ಧಿಸುತ್ತದೆ. ಕೇಳಬೇಕೆಂಬ ಇಚ್ಛೆಯೇ ಶುಶ್ರೂಷೆ. ಗುರುವಿನ ಮಾತನ್ನು ಕೇಳಬಯಸುವ ಶಿಷ್ಯನು ಗುರುವಿನ ಸನ್ನಿಧಿಯಲ್ಲಿದ್ದು ಆತನ ಸೇವೆಯನ್ನೂ ಮಾಡುತ್ತಿದ್ದನಾದುದರಿಂದ ಈ ಶಬ್ದಕ್ಕೆ ಸೇವೆಯೆಂಬ ಅರ್ಥ ಬಂದಿತು. ಮುಂದೆ ರೋಗಿಯ ಸೇವೆಯೆಂಬ ಅರ್ಥವೂ ರೂಢವಾಯಿತು. ಹೀಗೆ ಒಂದೇ ಶಬ್ದ ವಿದ್ಯಾರ್ಥಿಗೂ ಸಲ್ಲುತ್ತದೆ, ದಾದಿಗೂ ಸಲ್ಲುತ್ತದೆ. ದಾದಿಯ ವಿದ್ಯೆಯನ್ನು ಕಲಿಯುವ ವಿದ್ಯಾರ್ಥಿಯಂತೂ ಎರಡರ್ಥದಲ್ಲಿಯೂ ಶುಶ್ರೂಷುವೇ ಸರಿ. ಗುರುವಿನಿಂದಲೂ ಕೇಳಬೇಕು, ರೋಗಿಯಿಂದಲೂ ಕೇಳಬೇಕು.

ಇಂತಹ ವಿದ್ಯಾರ್ಥಿಗಳಿಗೆ ಅವರು ಕಲಿಯಲು ಹೋದ ಶಾಲೆ ಕಾಲೇಜುಗಳಲ್ಲಿಯೇ ಪಕ್ಷಪಾತವೂ ಅನ್ಯಾಯವೂ ಒದಗಿದ ಚರಿತ್ರೆಯೊಂದುಂಟು. ಅದು ಒಂದು ದೇಶಕ್ಕೆ ಸೀಮಿತವಾದುದಲ್ಲ. ಈ ಸಂಪುಟದ ವಾಚಕರಲ್ಲಿ ಉಪಾಧ್ಯಾಯರಿದ್ದಾರೆ, ಹಳೆಯ ವಿದ್ಯಾರ್ಥಿಗಳಿದ್ದಾರೆ, ವಿದ್ಯಾದಾನಕ್ಕೆಂದು ದ್ರವ್ಯವನ್ನಿತ್ತ ಮಹನೀಯರಿದ್ದಾರೆ. ನಮ್ಮಂತಹ ಶಾಲೆಗಳಿಂದ ಹೊರಟ ಮಕ್ಕಳಲ್ಲಿ ಅನೇಕರು, ವಿಶೇಷವಾಗಿ ಬಡ ಕುಟುಂಬಗಳ ಹೆಣ್ಣುಮಕ್ಕಳು, ಇಂದು ನರ್ಸಿಂಗ್ ಶಿಕ್ಷಣವನ್ನು ಆರಿಸಿಕೊಳ್ಳುತ್ತಿದ್ದಾರೆ. ಅವರನ್ನು ಅಲ್ಲಿಗೆ ಕಳುಹಿಸುವವರೂ, ಅಂತಹ ಕಾಲೇಜುಗಳನ್ನು ಕಟ್ಟುವವರೂ ಆ ಚರಿತ್ರೆಯನ್ನು ತಿಳಿದಿರುವುದು ಉಚಿತವೆಂದು ಈ ಬರಹಕ್ಕೆ ತೊಡಗಿದ್ದೇನೆ.

ಅಳತೆಗೋಲು ಯಾವುದು?

ಯಾವುದು ಪಕ್ಷಪಾತ, ಯಾವುದಲ್ಲ ಎಂದು ನಿರ್ಣಯಿಸಲು ಮೊದಲು ಒಂದು ಅಳತೆಗೋಲು ಬೇಕು. ದೈವವಶಾತ್ ನಮ್ಮ ಪ್ರಾಚೀನ ವೈದ್ಯಶಾಸ್ತ್ರದಲ್ಲಿಯೇ ಅದು ದೊರೆಯುತ್ತದೆ. ಚರಕಸಂಹಿತೆಯ ಸೂತ್ರಸ್ಥಾನವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ. ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಇವುಗಳಲ್ಲಿ ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ವಿಧಿಸಿದೆ. ಪರಿಚಾರಕನಿಗೆ ಹೇಳಿದ ಗುಣಗಳು ಇವು: ಉಪಚಾರವನ್ನು ಬಲ್ಲವನಾಗಿರುವುದು, ಕಾರ್ಯದಲ್ಲಿ ದಕ್ಷನಾಗಿರುವುದು, ರೋಗಿಯಲ್ಲಿ ಅನುರಾಗವುಳ್ಳವನಾಗಿರುವುದು, ಶುಚಿಯಾಗಿರುವುದು. ಜ್ಞಾನ, ದಕ್ಷತೆ, ಪ್ರೀತಿ, ಶುಚಿತ್ವ ಎಂದು ಸಂಗ್ರಹವಾಗಿ ಹೇಳಬಹುದು.

ಇಲ್ಲಿ ವಾಚಕರು ಗಮನಿಸಬೇಕಾದ ಅಂಶವೊಂದುಂಟು. ಈ ಪಟ್ಟಿಯಲ್ಲಿ ಏನಿದೆಯೆಂಬುದರಷ್ಟೇ ಏನಿಲ್ಲವೆಂಬುದೂ ಮುಖ್ಯ. ಕುಲವಿಲ್ಲ, ಬಣ್ಣವಿಲ್ಲ, ಪ್ರಾಂತವಿಲ್ಲ, ಧನವಿಲ್ಲ. ಗ್ರಂಥವು ಹೇಳಿದುದನ್ನು ಸಮಾಜವು ನಡೆಸಿತೆಂದು ಮಾತ್ರ ನಾನು ಹೇಳಲಾರೆ; ನಡೆಸಲಿಲ್ಲವೆಂಬುದಕ್ಕೆ ಸಾಕ್ಷ್ಯವನ್ನು ಮುಂದೆ ನೋಡಲಿದ್ದೇವೆ. ಆದರೂ ಅಳತೆಗೋಲು ನಮ್ಮ ಕೈಗೆ ಸಿಕ್ಕಿತು. ಈ ನಾಲ್ಕು ಗುಣಗಳನ್ನು ಅಳೆಯುವುದಕ್ಕೆ ಪರೀಕ್ಷೆಯೆಂದು ಹೆಸರು. ಇವುಗಳ ಹೊರಗಿನದನ್ನು ಅಳೆದು ಒಬ್ಬರನ್ನು ಎಬ್ಬಿಸಿ ಇನ್ನೊಬ್ಬರನ್ನು ಕೂರಿಸುವುದಕ್ಕೆ ಪಂಕ್ತಿಭೇದವೆಂದು ಹೆಸರು. ಒಂದೇ ಸಾಲಿನಲ್ಲಿ ಕುಳಿತವರ ಎಲೆಗೆ ಬೇರೆ ಬೇರೆ ಬಡಿಸುವುದು ಎಂತಹ ದೋಷವೆಂಬುದನ್ನು ನಮ್ಮ ಜನರಿಗೆ ವಿವರಿಸಬೇಕಾಗಿಲ್ಲ. ಅನ್ನಕ್ಕೆ ಸಲ್ಲುವ ಆ ನ್ಯಾಯವೇ ಅಕ್ಷರಕ್ಕೂ ಸಲ್ಲುತ್ತದೆ.

ಬಾಗಿಲಿನಲ್ಲಿ ತಡೆದುದು

ಆಧುನಿಕ ಶುಶ್ರೂಷಾ ಶಿಕ್ಷಣವು ವ್ಯವಸ್ಥಿತವಾದ ರೂಪವನ್ನು ತಾಳಿದುದು ೧೮೬೦ರಲ್ಲಿ, ಫ್ಲಾರೆನ್ಸ್ ನೈಟಿಂಗೇಲರ ಹೆಸರಿನ ಶಾಲೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತೆರೆದಾಗ. ಆ ಮಾದರಿಯು ಬೇಗನೆ ಅಮೆರಿಕೆಗೂ ಹಬ್ಬಿತು. ಬೋಸ್ಟನ್ ನಗರದಲ್ಲಿ ಸ್ತ್ರೀಯರಿಗಾಗಿಯೂ ಮಕ್ಕಳಿಗಾಗಿಯೂ ಇದ್ದ ನ್ಯೂ ಇಂಗ್ಲೆಂಡ್ ಆಸ್ಪತ್ರೆಯಲ್ಲಿ ಮೇರಿ ಎಲೈಜಾ ಮಹೋನಿ ಎಂಬ ಕಪ್ಪು ಜನಾಂಗದ ಮಹಿಳೆ ಅಡುಗೆ, ಬಟ್ಟೆ ಒಗೆತ, ಕಸ ಗುಡಿಸುವಿಕೆ ಮೊದಲಾದ ಕೆಲಸಗಳಲ್ಲಿ ಹಲವು ವರ್ಷಗಳನ್ನು ಕಳೆದು, ೧೮೭೮ರಲ್ಲಿ ಅದೇ ಆಸ್ಪತ್ರೆಯ ಶುಶ್ರೂಷಾ ಶಾಲೆಗೆ ವಿದ್ಯಾರ್ಥಿನಿಯಾಗಿ ಸೇರಿದರು. ಆಗ ಅವರ ವಯಸ್ಸು ೩೩. ಹದಿನಾರು ತಿಂಗಳ ಕಠಿಣ ಶಿಕ್ಷಣ ಅದು. ಆ ತಂಡದಲ್ಲಿ ಪ್ರವೇಶ ಪಡೆದ ೪೨ ಮಂದಿಯಲ್ಲಿ ೧೮೭೯ರಲ್ಲಿ ಶಿಕ್ಷಣವನ್ನು ಪೂರೈಸಿದವರು ನಾಲ್ವರು ಮಾತ್ರ. ಆ ನಾಲ್ವರಲ್ಲಿ ಮಹೋನಿ ಒಬ್ಬರು. ಅಮೆರಿಕೆಯಲ್ಲಿ ವೃತ್ತಿಶಿಕ್ಷಣ ಪಡೆದು ಉತ್ತೀರ್ಣರಾದ ಮೊದಲ ಕಪ್ಪು ಜನಾಂಗದ ದಾದಿ ಅವರೇ. ಬಾಗಿಲು ತೆರೆದರೆ ಗುಣವು ತಾನಾಗಿ ಪ್ರಕಾಶಕ್ಕೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಆದರೆ ಆ ದೇಶದ ಬಹುತೇಕ ಬಾಗಿಲುಗಳು ತೆರೆಯಲಿಲ್ಲ. ಕಪ್ಪು ಜನಾಂಗದವರು ತಮ್ಮ ಹೆಣ್ಣುಮಕ್ಕಳಿಗಾಗಿ ಪ್ರತ್ಯೇಕ ಆಸ್ಪತ್ರೆಗಳನ್ನೂ ಶಾಲೆಗಳನ್ನೂ ಕಟ್ಟಿಕೊಳ್ಳಬೇಕಾಯಿತು. ಅಲ್ಲಿ ಕಲಿತು ಬಂದವರಿಗೆ ವೃತ್ತಿಯ ಸಂಘದಲ್ಲಿಯೂ ಸ್ಥಾನ ದುರ್ಲಭವಾಗಿತ್ತು. ಅಮೆರಿಕನ್ ದಾದಿಯರ ರಾಷ್ಟ್ರೀಯ ಸಂಘಕ್ಕೆ ಸೇರಲು ಆಯಾ ರಾಜ್ಯದ ಸಂಘದ ಮೂಲಕ ಹೋಗಬೇಕು. ದಕ್ಷಿಣದ ರಾಜ್ಯಗಳ ಸಂಘಗಳು ಅವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ನಮ್ಮ ಗಾದೆಗೆ ಇದು ತಕ್ಕ ಉದಾಹರಣೆ. ಈ ಕಾರಣದಿಂದ ಮಾರ್ಥಾ ಮಿನರ್ವಾ ಫ್ರಾಂಕ್ಲಿನ್ ಎಂಬವರ ಪ್ರಯತ್ನದಿಂದ ೧೯೦೮ರಲ್ಲಿ ನ್ಯೂಯಾರ್ಕಿನಲ್ಲಿ ಕಪ್ಪು ದಾದಿಯರ ಪ್ರತ್ಯೇಕ ರಾಷ್ಟ್ರೀಯ ಸಂಘ ಹುಟ್ಟಿತು. ೧೯೩೪ರಿಂದ ಅದರ ಕಾರ್ಯಭಾರವನ್ನು ಹೊತ್ತವರು ಬಾರ್ಬಡೋಸ್ ದ್ವೀಪದಲ್ಲಿ ಜನಿಸಿದ ಮೇಬಲ್ ಸ್ಟೌಪರ್ಸ್.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಭೇದದ ಅವಿವೇಕವು ಎಲ್ಲರಿಗೂ ಕಾಣುವಂತಾಯಿತು. ೧೯೪೧ರಲ್ಲಿ ಅಮೆರಿಕೆಯ ಭೂಸೈನ್ಯವು ತನ್ನ ಶುಶ್ರೂಷಾ ದಳಕ್ಕೆ ೫೬ ಮಂದಿ ಕಪ್ಪು ದಾದಿಯರನ್ನು ಮಾತ್ರ ತೆಗೆದುಕೊಳ್ಳುವುದಾಗಿ ಮಿತಿಯನ್ನು ಗೊತ್ತುಪಡಿಸಿತು. ಮುಂದೆ ಆ ಸಂಖ್ಯೆ ಸ್ವಲ್ಪ ಹೆಚ್ಚಿದರೂ, ಅವರು ಬಿಳಿಯ ಯೋಧರನ್ನು ಮುಟ್ಟಿ ಉಪಚರಿಸುವುದು ಸಲ್ಲದೆಂಬ ಭಾವನೆಯಿಂದ, ಕೆಲವರನ್ನು ಸೆರೆಸಿಕ್ಕ ಜರ್ಮನ್ ಸೈನಿಕರ ಶುಶ್ರೂಷೆಗೆ ನೇಮಿಸಲಾಯಿತು. ಸ್ವದೇಶದ ಗಾಯಾಳುವಿಗೆ ಸಲ್ಲದ ಕೈ ಶತ್ರುದೇಶದ ಗಾಯಾಳುವಿಗೆ ಸಂದಿತು! ೧೯೪೫ರ ಜನವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ದಾದಿಯರ ಅಭಾವ ತೀವ್ರವಾಗಿದೆಯೆಂದು ಹೇಳಿ, ಕಾನೂನಿನ ಮೂಲಕ ಅವರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸಬೇಕೆಂಬ ಸಲಹೆಯನ್ನು ಮುಂದಿಟ್ಟರು. ಶಿಕ್ಷಣ ಪಡೆದ ಸಾವಿರಾರು ದಾದಿಯರು ಬಾಗಿಲಲ್ಲಿ ನಿಂತಿರುವಾಗ ಅಭಾವವೆಲ್ಲಿಂದ ಬಂತೆಂದು ಸ್ಟೌಪರ್ಸ್ ಪ್ರಶ್ನಿಸಿದರು. ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಅದೇ ತಿಂಗಳಲ್ಲಿ ಭೂಸೈನ್ಯವು ತನ್ನ ಮಿತಿಯನ್ನು ಹಿಂತೆಗೆದುಕೊಂಡಿತು. ನೌಕಾಸೈನ್ಯವೂ ತನ್ನ ಬಾಗಿಲನ್ನು ತೆರೆಯಿತು. ೧೯೪೮ರಲ್ಲಿ ರಾಷ್ಟ್ರೀಯ ಸಂಘವು ರಾಜ್ಯಸಂಘಗಳನ್ನು ದಾಟಿ ನೇರವಾಗಿ ಸೇರುವ ಅವಕಾಶವನ್ನು ಕಲ್ಪಿಸಿತು. ತಮ್ಮ ಉದ್ದೇಶ ಕೈಗೂಡಿತೆಂದು ಪ್ರತ್ಯೇಕ ಸಂಘವನ್ನು ೧೯೫೧ರಲ್ಲಿ ವಿಸರ್ಜಿಸಲಾಯಿತು.

ಈ ವೃತ್ತಾಂತದಿಂದ ನಾವು ಗ್ರಹಿಸಬೇಕಾದ ತತ್ತ್ವವಿದು. ಭೇದವನ್ನು ಮಾಡುವವನು ವಿದ್ಯಾರ್ಥಿಯೊಬ್ಬನಿಗೆ ಮಾತ್ರ ನಷ್ಟವನ್ನುಂಟುಮಾಡುತ್ತೇನೆಂದು ಭಾವಿಸಿರುತ್ತಾನೆ. ವಾಸ್ತವವಾಗಿ ಆ ನಷ್ಟದ ದೊಡ್ಡ ಪಾಲು ರೋಗಿಯದು.

ಒಂದೇ ಸಾಲು, ಎರಡು ಬಡಿಕೆ

ಬಾಗಿಲಿನಲ್ಲಿ ತಡೆಯುವುದು ಕಣ್ಣಿಗೆ ಕಾಣುವ ಅನ್ಯಾಯ. ಒಳಗೆ ಕರೆದು ಕೂರಿಸಿ ಕಡಿಮೆ ಬಡಿಸುವುದು ಕಣ್ಣಿಗೆ ಕಾಣದ ಅನ್ಯಾಯ. ಇದಕ್ಕೆ ಬ್ರಿಟನ್ನಿನ ಚರಿತ್ರೆಯಿಂದ ನಿದರ್ಶನ ದೊರೆಯುತ್ತದೆ.

೧೯೪೮ರ ಜುಲೈ ತಿಂಗಳಲ್ಲಿ ಆ ದೇಶದಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಆಸ್ಪತ್ರೆಗಳಿಗೆ ದಾದಿಯರು ಸಾಲದೆ ಬಂದುದರಿಂದ ಜಮೈಕಾ, ಬಾರ್ಬಡೋಸ್, ಟ್ರಿನಿಡಾಡ್ ಮೊದಲಾದ ದ್ವೀಪಗಳಿಂದಲೂ ಆಫ್ರಿಕೆಯಿಂದಲೂ ತರುಣಿಯರನ್ನು ಶಿಕ್ಷಣಕ್ಕೆಂದು ಕರೆಸಿಕೊಂಡರು. ಆಗ ಅಲ್ಲಿ ಎರಡು ಬಗೆಯ ಶಿಕ್ಷಣಕ್ರಮಗಳಿದ್ದವು. ಒಂದು ಮೂರು ವರ್ಷಗಳದು. ಅದನ್ನು ಪೂರೈಸಿದವರು ‘ಸ್ಟೇಟ್ ರಿಜಿಸ್ಟರ್ಡ್ ನರ್ಸ್’ ಎನಿಸಿಕೊಂಡು ಮೇಲಿನ ಹುದ್ದೆಗಳಿಗೆ ಅರ್ಹರಾಗುತ್ತಿದ್ದರು. ಇನ್ನೊಂದು ಎರಡು ವರ್ಷಗಳದು. ಅದನ್ನು ಪೂರೈಸಿದವರು ‘ಸ್ಟೇಟ್ ಎನ್‌ರೋಲ್ಡ್ ನರ್ಸ್’ ಎನಿಸಿಕೊಳ್ಳುತ್ತಿದ್ದರು. ಇವರಿಗೆ ಬಡ್ತಿಯ ದಾರಿ ಬಹುಮಟ್ಟಿಗೆ ಮುಚ್ಚಿತ್ತು. ದೂರದಿಂದ ಬಂದ ಆ ತರುಣಿಯರಲ್ಲಿ ಅನೇಕರನ್ನು, ಅವರು ಮೊದಲನೆಯ ಕ್ರಮಕ್ಕೆ ಬೇಕಾದ ಯೋಗ್ಯತೆಯುಳ್ಳವರಾಗಿದ್ದರೂ, ಎರಡನೆಯ ಕ್ರಮಕ್ಕೆ ಸೇರಿಸಲಾಯಿತು. ಎರಡಕ್ಕೂ ಇರುವ ವ್ಯತ್ಯಾಸವನ್ನು ಎಷ್ಟೋ ಜನರಿಗೆ ತಿಳಿಸಲೇ ಇಲ್ಲ. ಸಮವಸ್ತ್ರ ತೊಟ್ಟು, ವಾರ್ಡಿನಲ್ಲಿ ದುಡಿದು, ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆಯೇ ಅವರಿಗೆ ಸತ್ಯ ಗೊತ್ತಾದುದು. ಆ ಎರಡು ವರ್ಷಗಳ ಅರ್ಹತೆಗೆ ಅವರ ಸ್ವಂತ ದ್ವೀಪಗಳಲ್ಲಿ ಮನ್ನಣೆಯಿರಲಿಲ್ಲ. ಊರಿಗೆ ಹಿಂದಿರುಗಿ ದಾದಿಯಾಗಿ ಬಾಳಬೇಕೆಂಬ ಆಸೆಯಿಂದ ಬಂದವರು, ಹಿಂದಿರುಗಿದರೆ ದಾದಿಯೇ ಅಲ್ಲವೆಂಬ ಸ್ಥಿತಿಗೆ ಸಿಕ್ಕಿದರು.

ಇಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ, ಹೊರಗೆ ದೂಡಲಿಲ್ಲ. ಅರ್ಜಿಯ ಯಾವುದೋ ಒಂದು ಕಾಗದದ ಮೇಲೆ ಒಂದು ಗುರುತು ಬಿತ್ತು, ಅಷ್ಟೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಗಾದೆಯಲ್ಲಿ ಸುಣ್ಣವು ಕೂಡಲೇ ಉರಿಯುತ್ತದೆ. ಈ ಬಗೆಯ ಸುಣ್ಣ ಎರಡು ವರ್ಷಗಳ ನಂತರ ಉರಿಯುತ್ತದೆ. ವಿದ್ಯಾರ್ಥಿಗೆ ತಿಳಿಸಬೇಕಾದುದನ್ನು ತಿಳಿಸದಿರುವುದೂ ಅನ್ಯಾಯವೇ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಕೇಳಬಹುದು, ಅಂಕವಿಲ್ಲ

ಅನ್ಯಾಯವು ಯಾವಾಗಲೂ ಒಂದೇ ದಿಕ್ಕಿನಲ್ಲಿ ಹರಿಯುವುದಿಲ್ಲ. ಸ್ತ್ರೀಯರಿಗೆ ಉಪಕಾರವೆಂದು ಮಾಡಿದ ನಿಯಮವೊಂದು ಪುರುಷನಿಗೆ ಅಡ್ಡಿಯಾದ ಪ್ರಸಂಗವನ್ನು ಈಗ ನೋಡೋಣ.

ಅಮೆರಿಕೆಯ ಮಿಸಿಸಿಪ್ಪಿ ರಾಜ್ಯದ ಕೊಲಂಬಸ್ ಪಟ್ಟಣದಲ್ಲಿ ಮಹಿಳೆಯರಿಗಾಗಿ ಆರಂಭವಾದ ಸರ್ಕಾರಿ ವಿಶ್ವವಿದ್ಯಾಲಯವೊಂದಿದೆ. ೧೮೮೪ರಲ್ಲಿ ಸ್ಥಾಪಿತವಾದಾಗ ಅದರ ಹೆಸರಿನಲ್ಲಿಯೇ ‘ಬಿಳಿಯ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ’ ಎಂಬ ಮಾತಿತ್ತು. ಒಂದೇ ಹೆಸರಿನಲ್ಲಿ ಎರಡು ಗೋಡೆಗಳು! ಬಣ್ಣದ ಗೋಡೆ ಕಾಲಕ್ರಮದಲ್ಲಿ ಬಿದ್ದಿತು; ಎರಡನೆಯದು ಉಳಿಯಿತು. ೧೯೭೧ರಲ್ಲಿ ಅಲ್ಲಿ ಶುಶ್ರೂಷಾ ವಿಭಾಗ ತೆರೆಯಿತು. ಅದೇ ಪಟ್ಟಣದ ವೈದ್ಯಕೀಯ ಕೇಂದ್ರವೊಂದರಲ್ಲಿ ಹೋಗನ್ ಎಂಬ ಪುರುಷ ನೋಂದಾಯಿತ ದಾದಿಯಾಗಿ, ಮೇಲ್ವಿಚಾರಕನಾಗಿ ಕೆಲಸ ಮಾಡುತ್ತಿದ್ದನು. ಆತನಿಗೆ ಪದವಿಯಿರಲಿಲ್ಲ. ೧೯೭೯ರಲ್ಲಿ ಪದವಿ ತರಗತಿಗೆ ಅರ್ಜಿ ಹಾಕಿದನು. ಇತರ ಅರ್ಹತೆಗಳೆಲ್ಲವೂ ಇದ್ದವು. ಪುರುಷನೆಂಬ ಒಂದೇ ಕಾರಣದಿಂದ ಅರ್ಜಿ ತಿರಸ್ಕೃತವಾಯಿತು. ಬೇಕಾದರೆ ತರಗತಿಯಲ್ಲಿ ಕುಳಿತು ಪಾಠ ಕೇಳಬಹುದು, ಅದಕ್ಕೆ ಅಂಕವಾಗಲಿ ಪದವಿಯಾಗಲಿ ಇಲ್ಲವೆಂದು ತಿಳಿಸಿದರು. ಕೇಳುವ ಇಚ್ಛೆಯೇ ಶುಶ್ರೂಷೆಯೆಂದು ಮೊದಲು ಹೇಳಿದೆನಷ್ಟೆ. ಇಲ್ಲಿ ಆ ಇಚ್ಛೆಗೆ ಅನುಮತಿಯುಂಟು, ಫಲವಿಲ್ಲ. ಪುರುಷರಿಗೂ ಪ್ರವೇಶವಿದ್ದ ಸರ್ಕಾರಿ ಶುಶ್ರೂಷಾ ಪದವಿ ತರಗತಿಗಳು ನೂರು ಮೈಲಿಗಿಂತ ಹೆಚ್ಚು ದೂರದಲ್ಲಿದ್ದವು. ದುಡಿಯುತ್ತ ಕಲಿಯಬೇಕಾದವನಿಗೆ ಅಲ್ಲಿಗೆ ಹೋಗುವುದೆಂದರೆ ಕೆಲಸವನ್ನು ಬಿಡುವುದೆಂದೇ ಅರ್ಥ.

ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ೧೯೮೨ರ ಜುಲೈ ೧ರಂದು ಐವರು ನ್ಯಾಯಾಧೀಶರ ಬಹುಮತದಿಂದ, ನಾಲ್ವರ ವಿರೋಧದ ನಡುವೆ, ಆತನ ಪರವಾಗಿ ತೀರ್ಪು ಬಂದಿತು. ತೀರ್ಪನ್ನು ಬರೆದವರು ಆ ನ್ಯಾಯಾಲಯದ ಪ್ರಥಮ ಮಹಿಳಾ ನ್ಯಾಯಾಧೀಶರಾದ ಸಾಂಡ್ರಾ ಡೇ ಓಕಾನರ್. ಸ್ತ್ರೀಯರಿಗೆ ಹಿಂದೆ ಆದ ಅನ್ಯಾಯವನ್ನು ಸರಿಪಡಿಸಲು ಈ ನಿಯಮವೆಂದು ರಾಜ್ಯವು ವಾದಿಸಿತ್ತು. ಅದಕ್ಕೆ ಓಕಾನರ್ ಲೆಕ್ಕವನ್ನು ಮುಂದಿಟ್ಟರು: ೧೯೭೦ರಲ್ಲಿ ಮಿಸಿಸಿಪ್ಪಿಯಲ್ಲಿ ಶುಶ್ರೂಷಾ ಪದವಿ ಪಡೆದವರಲ್ಲಿ ನೂರಕ್ಕೆ ೯೪ ಮಂದಿ ಸ್ತ್ರೀಯರು, ಇಡೀ ದೇಶದಲ್ಲಿ ನೂರಕ್ಕೆ ೯೮.೬. ಹೀಗಿರುವಾಗ ಸ್ತ್ರೀಯರಿಗೆ ಇಲ್ಲದ ಅವಕಾಶವನ್ನು ಈ ನಿಯಮ ಒದಗಿಸಿತೆಂದು ಹೇಳುವಂತಿಲ್ಲ. ದಾದಿಯ ಕೆಲಸ ಹೆಂಗಸಿನದೇ ಎಂಬ ರೂಢಿಯ ಕಲ್ಪನೆಯನ್ನು ಅದು ಗಟ್ಟಿಗೊಳಿಸಿತು. ಪುರುಷರು ತರಗತಿಯಲ್ಲಿ ಕುಳಿತು ಕೇಳುತ್ತಿದ್ದಾಗ ಯಾರ ಕಲಿಕೆಗೂ ತೊಂದರೆಯಾಗದಿದ್ದರೆ, ಅಂಕ ಕೊಟ್ಟಾಗ ಹೇಗೆ ತೊಂದರೆಯಾದೀತು ಎಂಬುದೂ ಅವರ ವಿಚಾರಸರಣಿಯ ಒಂದು ಅಂಗ.

ಗೌರವದ ಮಾತಿನಲ್ಲಿಯೂ ಭೇದವು ಅಡಗಿರಬಲ್ಲದು. ‘ಇದು ಹೆಣ್ಣಿನ ಸಹಜಗುಣ’ ಎಂದು ಹೊಗಳುವಾಗ ನಾವು ಗಂಡಿನ ಪ್ರೀತಿಯನ್ನೂ ಶುಚಿತ್ವವನ್ನೂ ನಿರಾಕರಿಸುತ್ತೇವೆ. ಹೆಣ್ಣು ಕಷ್ಟಪಟ್ಟು ಸಂಪಾದಿಸಿದ ಜ್ಞಾನವನ್ನು ಸಹಜವೆಂದು ಹೇಳಿ ಅದರ ಬೆಲೆಯನ್ನೂ ಇಳಿಸುತ್ತೇವೆ.

ಕಿವಿ ಕೇಳದವರ ಪ್ರಶ್ನೆ

ಇದುವರೆಗಿನ ಪ್ರಸಂಗಗಳಲ್ಲಿ ನ್ಯಾಯ ಯಾವ ಕಡೆಗಿದೆಯೆಂದು ಹೇಳುವುದು ಕಷ್ಟವಲ್ಲ. ಕಷ್ಟವಾದ ಪ್ರಸಂಗವೊಂದನ್ನು ಈಗ ಎತ್ತಿಕೊಳ್ಳುತ್ತೇನೆ. ಇದನ್ನು ಬಿಟ್ಟು ಮುಂದೆ ಹೋದರೆ ಅಧ್ಯಯನವು ಅಪೂರ್ಣವಾದೀತು.

ಅಮೆರಿಕೆಯ ಉತ್ತರ ಕೆರೊಲಿನಾ ರಾಜ್ಯದ ಒಂದು ಸಮುದಾಯ ಕಾಲೇಜಿನ ಶುಶ್ರೂಷಾ ತರಗತಿಗೆ ಡೇವಿಸ್ ಎಂಬ ಮಹಿಳೆ ಅರ್ಜಿ ಸಲ್ಲಿಸಿದರು. ಅವರು ೧೯೬೭ರಿಂದಲೂ ಕೆಳಗಿನ ದರ್ಜೆಯ ದಾದಿಯಾಗಿ ಪರವಾನಗಿ ಪಡೆದವರು. ಆದರೆ ಅವರ ಕಿವಿ ಮಂದ. ಯಂತ್ರದ ಸಹಾಯದಿಂದ ಶಬ್ದ ಕೇಳಿಸಿದರೂ, ಮಾತನ್ನು ತಿಳಿಯಲು ಎದುರಿನವರ ತುಟಿಗಳ ಚಲನೆಯನ್ನು ನೋಡಬೇಕು. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಎಲ್ಲರೂ ಮುಖಗವಸು ಧರಿಸಿರುವಾಗ ತುಟಿ ಕಾಣುವುದೆಂತು? ರೋಗಿ ಬೆನ್ನ ಹಿಂದಿನಿಂದ ಕೂಗಿದರೆ ತಿಳಿಯುವುದೆಂತು? ಕಾಲೇಜು ಪ್ರವೇಶವನ್ನು ನಿರಾಕರಿಸಿತು. ಅಂಗವೈಕಲ್ಯದ ಕಾರಣದಿಂದಲೇ ‘ಅನ್ಯಥಾ ಅರ್ಹ’ರಾದವರನ್ನು ಹೊರಗಿಡಬಾರದೆಂಬ ೧೯೭೩ರ ಕಾನೂನಿನ ಆಧಾರದಿಂದ ಆಕೆ ವ್ಯಾಜ್ಯ ಹೂಡಿದರು. ೧೯೭೯ರ ಜೂನ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಏಕಾಭಿಪ್ರಾಯದಿಂದ ಕಾಲೇಜಿನ ಪರವಾಗಿ ತೀರ್ಪು ನೀಡಿತು. ಶಿಕ್ಷಣಕ್ರಮದ ಸ್ವರೂಪವನ್ನೇ ಬದಲಾಯಿಸಬೇಕೆಂದು ಕಾನೂನು ಕೇಳುವುದಿಲ್ಲ ಎಂಬುದು ಅದರ ಸಾರ. ಆದರೆ ಅದೇ ತೀರ್ಪು ಇನ್ನೊಂದು ಮಾತನ್ನೂ ಸೇರಿಸಿತು: ತಂತ್ರಜ್ಞಾನ ಮುಂದುವರಿದಂತೆ, ಅತಿಯಾದ ಭಾರವಿಲ್ಲದೆ ಮಾಡಬಹುದಾದ ಬದಲಾವಣೆಯನ್ನು ಮಾಡದೆ ನಿರಾಕರಿಸುವುದು ಮುಂದೆ ಭೇದವೆನಿಸಿಕೊಳ್ಳಬಹುದು.

ನಮ್ಮ ಅಳತೆಗೋಲನ್ನು ಇಲ್ಲಿ ಹಿಡಿದು ನೋಡೋಣ. ರೋಗಿಯ ಕೂಗು ತಿಳಿಯುವುದೋ ಇಲ್ಲವೋ ಎಂದು ಕೇಳುವುದು ದಕ್ಷತೆಯ ಪ್ರಶ್ನೆ. ಅದನ್ನು ಕೇಳಿದುದು ತಪ್ಪಲ್ಲ. ಆದರೆ ದಾದಿಯ ಕೆಲಸವೆಲ್ಲವೂ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿಯೇ ನಡೆಯುವುದೇ? ಈ ವ್ಯಕ್ತಿ ಇಷ್ಟು ವರ್ಷ ಮಾಡಿದ ಕೆಲಸವೇ ಒಂದು ಸಾಕ್ಷ್ಯವಲ್ಲವೇ? ಇಂದು ತುಟಿ ಕಾಣುವಂತಹ ಪಾರದರ್ಶಕ ಮುಖಗವಸುಗಳಿವೆ. ಹೃದಯದ ಬಡಿತವನ್ನು ಪರದೆಯ ಮೇಲೆ ರೇಖೆಯಾಗಿ ತೋರಿಸುವ ಸ್ಟೆತಾಸ್ಕೋಪುಗಳಿವೆ. ಅಂದು ಸರಿಯಾಗಿದ್ದ ಅಳತೆಯನ್ನು ಇಂದೂ ಹಾಗೆಯೇ ಹಿಡಿದುಕೊಂಡರೆ ಅದು ಪರೀಕ್ಷೆಯಾಗಿ ಉಳಿಯದೆ ಪಂಕ್ತಿಭೇದವಾಗುತ್ತದೆ. ನಮ್ಮ ದೇಶದಲ್ಲಿ ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಬಂದ ಮೇಲೆ, ೨೦೨೪ರ ಅಕ್ಟೋಬರಿನಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ವೈದ್ಯಕೀಯ ವಿದ್ಯಾರ್ಥಿಯೊಬ್ಬನ ಪ್ರಕರಣದಲ್ಲಿ ಇದೇ ತತ್ತ್ವವನ್ನು ಎತ್ತಿಹಿಡಿಯಿತು. ವೈಕಲ್ಯ ಶೇಕಡಾ ಎಷ್ಟೆಂಬ ಸಂಖ್ಯೆಯೊಂದೇ ಪ್ರವೇಶವನ್ನು ನಿರಾಕರಿಸಲು ಸಾಲದು. ಆ ವಿದ್ಯಾರ್ಥಿ ಆ ವಿದ್ಯೆಯನ್ನು ಕಲಿಯಬಲ್ಲನೇ ಎಂಬುದನ್ನು ಪರಿಶೀಲಿಸಬೇಕು ಎಂಬುದೇ ಆ ತೀರ್ಪಿನ ತಿರುಳು.

ನಮ್ಮ ಅಂಗಳ

ಪರದೇಶದ ಮಾತಾಯಿತು. ನಮ್ಮ ಅಂಗಳವನ್ನು ನೋಡಿಕೊಳ್ಳದೆ ಊರ ಕಸವನ್ನು ಎಣಿಸುವುದು ಉಚಿತವಲ್ಲ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, ೧೯೪೬ರಲ್ಲಿ, ಭೋರ್ ಸಮಿತಿಯು ಭಾರತದ ಆರೋಗ್ಯಸ್ಥಿತಿಯ ವರದಿಯನ್ನು ನೀಡಿತು. ಅಂದು ದೇಶದಲ್ಲಿದ್ದ ದಾದಿಯರು ಸುಮಾರು ೭,೦೦೦. ಅಂದರೆ ೪೩,೦೦೦ ಜನರಿಗೆ ಒಬ್ಬ ದಾದಿ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು ನಮ್ಮದೇ. ಪರರ ದೇಹವನ್ನು ಮುಟ್ಟುವುದು, ಮಲಮೂತ್ರ ರಕ್ತಗಳನ್ನು ತೊಳೆಯುವುದು ಮೈಲಿಗೆಯೆಂದು ನಮ್ಮ ಸಮಾಜವು ಬಹುಕಾಲ ಭಾವಿಸಿತು. ಮೇಲುಜಾತಿಯೆನಿಸಿಕೊಂಡವರು ತಮ್ಮ ಹೆಣ್ಣುಮಕ್ಕಳನ್ನು ಈ ವಿದ್ಯೆಗೆ ಕಳುಹಿಸಲಿಲ್ಲ. ಕಲಿತು ಬಂದವರನ್ನು ಗೌರವಿಸಲೂ ಇಲ್ಲ. ದಾದಿಯಾದ ಹುಡುಗಿಗೆ ವರ ಸಿಕ್ಕುವುದು ಕಷ್ಟವೆಂಬ ಮಾತು ನಮ್ಮ ತಾಯಂದಿರ ಬಾಯಲ್ಲಿ ಎಷ್ಟು ಸಲ ಬಂದಿಲ್ಲ? ಶುಚಿತ್ವವನ್ನು ಪರಿಚಾರಕನ ಗುಣವೆಂದು ಗ್ರಂಥ ಹೇಳಿದರೆ, ಪರಿಚರ್ಯೆಯನ್ನೇ ಅಶುಚಿಯೆಂದು ನಾವು ಹೇಳಿದೆವು. ಅದರ ಫಲವನ್ನು ಉಂಡವರು ಉಪಚಾರವಿಲ್ಲದೆ ನರಳಿದ ರೋಗಿಗಳು.

ಇಂದು ಕರ್ನಾಟಕದಲ್ಲಿ ಶುಶ್ರೂಷಾ ಕಾಲೇಜುಗಳು ಬಹುಸಂಖ್ಯೆಯಲ್ಲಿವೆ. ನಮ್ಮ ಹಳ್ಳಿಯ ಮಕ್ಕಳ ಜೊತೆಗೆ ಕೇರಳದಿಂದಲೂ ಈಶಾನ್ಯ ರಾಜ್ಯಗಳಿಂದಲೂ ವಿದ್ಯಾರ್ಥಿಗಳು ಬಂದು ಕಲಿಯುತ್ತಾರೆ. ಕನ್ನಡ ಪಂಡಿತನಾದ ನನ್ನ ಗಮನ ಸಹಜವಾಗಿ ಭಾಷೆಯ ಕಡೆಗೆ ಹೋಗುತ್ತದೆ. ಕಾಲೇಜಿನ ಪಾಠವೆಲ್ಲ ಇಂಗ್ಲಿಷಿನಲ್ಲಿ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತ ಹುಡುಗಿ ಮೊದಲ ವರ್ಷ ತಡವರಿಸುತ್ತಾಳೆ. ತಡವರಿಸಿದುದಕ್ಕಾಗಿ ತರಗತಿಯಲ್ಲಿ ನಗೆಗೀಡಾದರೆ ಆಕೆ ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತಾಳೆ. ಅದೇ ಹುಡುಗಿ ವಾರ್ಡಿಗೆ ಹ���ದಾಗ, ಎದೆಯಲ್ಲಿ ಏನೋ ಕಲಸಿದ ಹಾಗಾಗುತ್ತದೆ ಎಂದು ಹಳ್ಳಿಯ ಮುದುಕಿಯೊಬ್ಬಳು ಹೇಳಿದರೆ ಅದರ ಅರ್ಥವನ್ನು ಕೂಡಲೇ ಹಿಡಿಯುವವಳು ಆಕೆಯೇ. ಈ ಜ್ಞಾನಕ್ಕೆ ಅಂಕವಿದೆಯೇ? ಇನ್ನೊಂದು ಪಕ್ಕದಲ್ಲಿ, ಮಣಿಪುರದಿಂದ ಬಂದ ಹುಡುಗಿಗೆ ಕನ್ನಡ ಬಾರದು. ಆಕೆಯ ಮುಖಚಹರೆಯನ್ನೂ ಉಚ್ಚಾರವನ್ನೂ ಅಣಕಿಸುವವರು ನಮ್ಮವರೇ ಆಗಿರುತ್ತಾರೆ. ರೋಗಿಯ ಭಾಷೆ ದಾದಿಗೆ ಬೇಕೆಂಬುದು ನ್ಯಾಯವಾದ ಅಳತೆ. ಹಾಗಾದರೆ ಅದನ್ನು ಕಲಿಸುವುದು ಕಾಲೇಜಿನ ಧರ್ಮ. ಕಲಿಸದೆ ಅಣಕಿಸುವುದು ಯಾವ ಶಾಸ್ತ್ರದಲ್ಲಿಯೂ ಪರೀಕ್ಷೆಯೆನಿಸದು.

ಬಾಗಿಲನ್ನು ಕಾನೂನು ಕಾಯುತ್ತದೆ. ಸಂವಿಧಾನದ ೧೫ನೆಯ ಅನುಚ್ಛೇದವಿದೆ, ಮೀಸಲಾತಿಯ ನಿಯಮಗಳಿವೆ. ಒಳಗಿನ ಪಂಕ್ತಿಯನ್ನು ಕಾಯುವವರು ಅಧ್ಯಾಪಕರೇ. ಆಂತರಿಕ ಅಂಕಗಳು ಅವರ ಕೈಯಲ್ಲಿವೆ. ಯಾವ ವಿದ್ಯಾರ್ಥಿಗೆ ಯಾವ ವಾರ್ಡು, ಯಾರಿಗೆ ರಾತ್ರಿಯ ಪಾಳಿ ಎಂಬುದೂ ಅವರ ಕೈಯಲ್ಲಿದೆ. ಶುಶ್ರೂಷಾ ವಿದ್ಯಾರ್ಥಿಯು ಇಂತಿಷ್ಟು ಕ್ರಿಯೆಗಳನ್ನು ಕೈಯಾರೆ ಮಾಡಿ, ಮೇಲ್ವಿಚಾರಕರ ಸಹಿ ಪಡೆದು, ದಾಖಲೆಯ ಪುಸ್ತಕದಲ್ಲಿ ತೋರಿಸಬೇಕು. ಒಬ್ಬಳಿಗೆ ಹೆರಿಗೆಯ ಕೊಠಡಿಯಲ್ಲಿ ನಿಲ್ಲುವ ಅವಕಾಶ ಮತ್ತೆ ಮತ್ತೆ ದೊರೆತು, ಇನ್ನೊಬ್ಬಳಿಗೆ ಹಾಸಿಗೆ ಹಾಸುವುದೂ ಪಾತ್ರೆ ತೊಳೆಯುವುದೂ ಮಾತ್ರ ದೊರೆತರೆ, ವರ್ಷದ ಕೊನೆಗೆ ಎರಡನೆಯವಳ ಪುಸ್ತಕದಲ್ಲಿ ಸಹಿಗಳು ಕಡಿಮೆಯಾಗುತ್ತವೆ. ಆಗ ಆಕೆಯನ್ನು ಅದಕ್ಷಳೆಂದು ಹೇಳುವುದು ಸುಲಭ. ಕಲಿಸದೆ ಅದಕ್ಷಳನ್ನಾಗಿ ಮಾಡಿ, ಅದಕ್ಷಳೆಂದು ದೂರುವುದು ಎರಡು ಪಟ್ಟು ಅನ್ಯಾಯ. ದೂರು ಕೊಟ್ಟರೆ ಅಂಕ ಕಡಿಮೆಯಾದೀತು, ಕಾಲೇಜಿನಲ್ಲಿ ಒಪ್ಪಿಸಿದ ಮೂಲ ಪ್ರಮಾಣಪತ್ರಗಳು ಹಿಂದಿರುಗಿ ಬಾರದೆ ಹೋದಾವು ಎಂಬ ಭಯದಿಂದ ಬಡವರ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ. ಹೀಗೆ ಬಾಯಿ ಮುಚ್ಚಿಸಿ ಬೆಳೆಸಿದ ದಾದಿ ನಾಳೆ ವೈದ್ಯನ ಕೈತಪ್ಪಿನಿಂದ ಔಷಧದ ಪ್ರಮಾಣ ಹೆಚ್ಚಾದುದನ್ನು ಕಂಡಾಗ ಬಾಯಿ ತೆರೆಯುವಳೇ? ಯೋಚಿಸಬೇಕಾದ ಮಾತಿದು.

ಉಪಸಂಹಾರ

ಇಷ್ಟು ವಿಚಾರದಿಂದ ಉಪಾಧ್ಯಾಯರಿಗೂ ಸಂಸ್ಥೆಗಳಿಗೂ ಅನ್ವಯಿಸುವ ಕೆಲವು ನಿಯಮಗಳು ಹೊರಡುತ್ತವೆ. ಅವು ಕಠಿಣವಾದುವಲ್ಲ. ಮೊದಲನೆಯದು, ಯಾವುದನ್ನು ಅಳೆಯಲಾಗುವುದೆಂಬುದನ್ನು ವರ್ಷದ ಆದಿಯಲ್ಲಿಯೇ ಬರಹದಲ್ಲಿ ತಿಳಿಸತಕ್ಕದ್ದು. ಕಲಿಯುವ ಕ್ರಮದಿಂದ ಯಾವ ಅರ್ಹತೆ ದೊರೆಯುತ್ತದೆ, ಎಲ್ಲೆಲ್ಲಿ ಅದಕ್ಕೆ ಮನ್ನಣೆಯಿದೆ ಎಂಬುದನ್ನೂ ತಿಳಿಸತಕ್ಕದ್ದು. ಎರಡನೆಯದು, ವಾರ್ಡಿನ ಪಾಳಿಯ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕತಕ್ಕದ್ದು; ಸರದಿಯನ್ನು ಮುರಿದರೆ ಕಾರಣವನ್ನು ಬರೆಯತಕ್ಕದ್ದು. ಮೂರನೆಯದು, ಒಬ್ಬರನ್ನು ಅನುತ್ತೀರ್ಣಗೊಳಿಸುವ ಮುನ್ನ ಇನ್ನೊಬ್ಬ ಪರೀಕ್ಷಕರು ನೋಡತಕ್ಕದ್ದು. ವಿದ್ಯಾರ್ಥಿಯ ಮಾತನ್ನು ಕೇಳಿದ ಮೇಲೆಯೇ ನಿರ್ಣಯವನ್ನು ಹೇಳತಕ್ಕದ್ದು. ನಾಲ್ಕನೆಯದು, ದೂರನ್ನು ಕೇಳುವವರಲ್ಲಿ ಆ ಅಂಕವನ್ನು ಕೊಟ್ಟವರು ಇರಬಾರದು.

ಇವು ಅಧ್ಯಾಪಕರ ಅಧಿಕಾರವನ್ನು ಕುಗ್ಗಿಸುವುದಿಲ್ಲ. ದಾದಿಯ ಕೈಯಲ್ಲಿ ಪ್ರಾಣವಿರುವುದರಿಂದ ಅನರ್ಹರನ್ನು ತಡೆಯುವುದು ಅಧ್ಯಾಪಕರ ಕರ್ತವ್ಯ. ಆ ಕರ್ತವ್ಯದಲ್ಲಿ ದಯೆಯ ನೆಪದ ಸಡಿಲಿಕೆಯೂ ಸಲ್ಲದು. ಅಳತೆ ಕಟ್ಟುನಿಟ್ಟಾಗಿರಲಿ, ಆದರೆ ಎಲ್ಲರಿಗೂ ಒಂದೇ ಆಗಿರಲಿ. ಕಾರಣವನ್ನು ಬರಹದಲ್ಲಿ ಹೇಳಬಲ್ಲ ಗುರುವಿನ ನಿಷ್ಠುರತೆಯನ್ನು ಶಿಷ್ಯರು ಸಹಿಸುತ್ತಾರೆ, ಮುಂದೆ ನೆನೆಯುತ್ತಾರೆ ಕೂಡ.

ದಾನಿಗಳಲ್ಲಿ ಒಂದು ಬಿನ್ನಹ. ಕಟ್ಟಡಕ್ಕೆ ಕಲ್ಲು ಕೊಟ್ಟವರ ಹೆಸರನ್ನು ಗೋಡೆಯ ಮೇಲೆ ಕೆತ್ತುತ್ತಾರೆ. ಇನ್ನು ಮುಂದೆ ಶುಶ್ರೂಷಾ ಕಾಲೇಜೊಂದಕ್ಕೆ ದಾನವನ್ನೀಯುವಾಗ ಕೊಠಡಿಗಳ ಸಂಖ್ಯೆಯನ್ನು ಕೇಳುವುದರ ಜೊತೆಗೆ, ಕಳೆದ ವರ್ಷ ಪ್ರವೇಶ ಪಡೆದವರಲ್ಲಿ ಎಷ್ಟು ಮಂದಿ ಅರ್ಧದಲ್ಲಿಯೇ ಬಿಟ್ಟುಹೋದರು, ಅವರು ಯಾರ ಮಕ್ಕಳು, ಬಿಡುವ ಮುನ್ನ ಅವರ ಮಾತನ್ನು ಯಾರಾದರೂ ಕೇಳಿದರೇ ಎಂದು ವಿಚಾರಿಸಬೇಕು. ಉತ್ತರವನ್ನು ಲಿಖಿತವಾಗಿ ಕೊಡುವ ಸಂಸ್ಥೆಗೆ ದಾನವು ಸಲ್ಲಲಿ. ನಾವೆಲ್ಲರೂ ಒಂದಲ್ಲ ಒಂದು ದಿನ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಬೇಕಾದವರೇ. ಅಂದು ನಮ್ಮ ಕ್ಷೀಣವಾದ ಧ್ವನಿಯನ್ನು ಕೇಳಿಸಿಕೊಳ್ಳಬೇಕಾದವರು ಇಂದು ಆ ತರಗತಿಗಳಲ್ಲಿ ಕುಳಿತಿದ್ದಾರೆ.